ನನ್ನ ಭಾಷಣಕ್ಕೆ ಸೋತ ಗಾಲಿ

ಕಳೆದ ಶನಿವಾರ ಅಬ್ಬಿಗೇರಿಯ ಶಾಲೆಯೊಂದರಲ್ಲಿ, ನೂರು ಮಕ್ಕಳ ಎದುರು, ಸೈಕಲ್ ಗಾಲಿಯೊಂದು ನನ್ನ ಮೊಣಕಾಲಿಗೆ ಬಡಿಯಿತು. ನೋವಾದದ್ದು ಮಾತ್ರ ಮೊಣಕಾಲಿಗಲ್ಲ.

ನಾನು ರೋಣದಲ್ಲಿ ಇಪ್ಪತ್ತೆರಡು ವರ್ಷ ಫಿಸಿಕ್ಸ್ ಪಾಠ ಹೇಳಿದವನು. ಆ ಶಾಲೆಯ ಹೆಡ್‌ಮೇಡಂ ನನ್ನ ಹಳೆಯ ವಿದ್ಯಾರ್ಥಿನಿ. "ಸರ, ನಮ್ಮ ಮಕ್ಕಳಿಗೆ ಜೈರೋಸ್ಕೋಪ್ ತೋರಸ್ರಿ. ನೀವು ಭಾಳ ಚಲೋ ಹೇಳತಿದ್ರಿ" ಎಂದು ಕರೆದಿದ್ದಳು. (ಹೇಳತಿದ್ರಿ ಅಂದಳು. ತೋರಸತಿದ್ರಿ ಅನ್ನಲಿಲ್ಲ. ಆಗಲೇ ಎಚ್ಚರಾಗಬೇಕಿತ್ತು.) ಬೋರ್ಡಿನ ಮೇಲೆ ನೂರಾರು ಜೈರೋಸ್ಕೋಪ್ ಬರೆದಿದ್ದೇನೆ. ಕೈಯಲ್ಲಿ ಹಿಡಿದದ್ದು? ಒಂದೂ ಇಲ್ಲ.

ಸೈಕಲ್ ಗಾಲಿಯನ್ನೇ ಜೈರೋಸ್ಕೋಪ್ ಮಾಡಿಕೊಂಡು, ಅದರ ಅಚ್ಚಿನ ಒಂದೇ ತುದಿಗೆ ಹಗ್ಗ ಕಟ್ಟಿ ವರಾಂಡದ ಕೊಂಡಿಗೆ ತೂಗುಹಾಕಿದೆ. ಅಚ್ಚನ್ನು ಅಡ್ಡಲಾಗಿ ಹಿಡಿದು, "ಬಿಟ್ಟರೆ ಏನಾಗುತ್ತೆ?" ಅಂದೆ.

"ಬೀಳ್ತೈತ್ರೀ!" ಇಡೀ ಶಾಲೆ ಕೂಗಿತು.

ಜೋರಾಗಿ ತಿರುಗಿಸಿ ಬಿಟ್ಟೆ. ಬೀಳಲಿಲ್ಲ! ಹಗ್ಗದ ಸುತ್ತ ಮೆಲ್ಲಗೆ ಪ್ರದಕ್ಷಿಣೆ ಹಾಕತೊಡಗಿತು. ಚಪ್ಪಾಳೆ.

ಅಲ್ಲಿಗೇ ಸುಮ್ಮನಿರಬೇಕಿತ್ತು. ಇರುತ್ತೇನೆಯೇ? ಗುರುತ್ವ ಕೆಳಗೆಳೆಯುತ್ತದೆ, ಆ ಎಳೆತದಿಂದ ಟಾರ್ಕ್ ಅಂದರೆ ತಿರುಚುವ ಬಲ ಹುಟ್ಟುತ್ತದೆ, ತಿರುಗುವ ಗಾಲಿ ಅದಕ್ಕೆ ಬೀಳುವ ಬದಲು ಪಕ್ಕಕ್ಕೆ ಸರಿಯುತ್ತದೆ... ನಾನು ವಿವರಿಸುತ್ತಲೇ ಇದ್ದೆ. ಬೆನ್ನ ಹಿಂದೆ ಗಾಲಿಯ ವೇಗ ಇಳಿಯುತ್ತಿತ್ತು. ವೇಗ ಇಳಿದಂತೆ ಪ್ರದಕ್ಷಿಣೆ ಜೋರಾಗುತ್ತದೆ, ಅಚ್ಚು ಬಾಗುತ್ತದೆ. (ಇದು ನನ್ನದೇ ನೋಟ್ಸಿನಲ್ಲಿದೆ.) ಠಪ್!

ಮೊದಲ ಸಾಲಿನ ಹುಡುಗಿ ಎದ್ದು ನಿಂತಳು. "ಸರ, ನೀವು ಮಾತಾಡೂದು ಮುಗಿಯೂ ತನಕ ಅದು ತಡೀಲಿಲ್ರಿ."

ನಗುವಿನ ನಡುವೆ ಬಿಸಿಯೂಟದ ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆ ಕೋಣೆಯಿಂದ ಬಂದರು. "ನಾ ಒಮ್ಮೆ ಹಿಡೀಲೇನ್ರಿ?" ಹಗ್ಗ ಬಿಚ್ಚಿಕೊಟ್ಟೆ. ಅಚ್ಚಿನ ಎರಡೂ ತುದಿ ಹಿಡಿದರು. ಹುಡುಗಿ ಗಾಲಿ ತಿರುಗಿಸಿದಳು. ನೀಲವ್ವ ಬಲಗೈ ಕೆಳಗೆ ಒತ್ತಿದರು, ಬೆಚ್ಚಿಬಿದ್ದರು.

"ಅಯ್ಯ ನಮ್ಮವ್ವ! ನಾ ಕೆಳಗ ಒತ್ತಿದ್ರ ಇದು ಬಾಜೂಕ ಹೊಳ್ಳತೈತಲ್ರಿ!"

ಕ್ಲಾಸಿನಲ್ಲಿ ನಾನು ಮುಕ್ಕಾಲು ಗಂಟೆ ಹೇಳುತ್ತಿದ್ದ ಪಾಠ, ಒಂದೇ ಉಸಿರಿನಲ್ಲಿ!

"ನೀವೂ ಹಿಡೀರಿ ಸರ" ಎಂದು ಕೊಟ್ಟರು. ಹಿಡಿದೆ. ಜೀವವಿರುವ ಹಾಗೆ ಗಾಲಿ ಮಣಿಕಟ್ಟನ್ನು ಜಗ್ಗಿತು. ಬೋರ್ಡಿನ ಮೇಲೆ ಟಾರ್ಕ್ ಎಂದು ನಾನು ಎಳೆಯುತ್ತಿದ್ದ ಆ ಸಣ್ಣ ಬಾಣದ ಗುರುತಿಗೆ ಇಷ್ಟು ತಾಕತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಐವತ್ತನಾಲ್ಕರ ವಯಸ್ಸಿನಲ್ಲಿ ಹಲ್ಲು ಬಿಟ್ಟುಕೊಂಡು ನಿಂತೆ.

ಆಮೇಲೆ ಮಕ್ಕಳು ಸಾಲು ಹಚ್ಚಿದರು. ಒಬ್ಬೊಬ್ಬರೂ ಹಿಡಿದರು, ಒತ್ತಿದರು, ಕಿರುಚಿದರು, ತಮ್ಮತಮ್ಮಲ್ಲೇ ವಾದಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನಾನು ಬಾಯಿ ಮುಚ್ಚಿದ ಮೇಲೆ ಪಾಠ ಶುರುವಾಯಿತು ಅಂದರೆ, ಇಪ್ಪತ್ತೆರಡು ವರ್ಷ ನಾನು ಮಾಡಿದ್ದೇನು?