ದಾರ ಬದಲಾಗುವ ಹೊತ್ತು

ಬನಶಂಕರಿ ಎರಡನೇ ಹಂತದಲ್ಲಿ ರಘುವಿನ ಮೊಬೈಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವುದು ಸರಸ್ವತಿಯವರ ಬ್ಲೌಸ್ ಅಂಗಡಿ. ಒಳಗೆ ಎರಡು ಹೊಲಿಗೆ ಮೆಷೀನು, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಬಾಗಿಲ ಬಳಿ ಗಿರಾಕಿಗಳನ್ನು ಮಾತಾಡಿಸುವ ಕೌಂಟರು. ಕಿಟಕಿ ಪಕ್ಕದ ಮೆಷೀನು ಇಂದ್ರಾಣಿಯದು. ಇನ್ನೊಂದು ಸೌಮ್ಯಳದು; ಅವಳು ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಬಟ್ಟೆ ಕತ್ತರಿಸುವವರು ಕರಿಬಸವಯ್ಯ, ಎಲ್ಲರ ಬಾಯಲ್ಲೂ ‘ಮಾಸ್ಟ್ರು’.

ಕಿಟಕಿ ಪಕ್ಕದ ಆ ಜಾಗದ ಮೇಲೆ ಇಂದ್ರಾಣಿಗಿದ್ದ ಪ್ರೀತಿಗೆ ಕಾರಣವಿತ್ತು. ಮದುವೆಯಾಗಿ ಸುಬ್ರಹ್ಮಣ್ಯಪುರಕ್ಕೆ ಬಂದ ಹೊಸತರಲ್ಲಿ ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅಲ್ಲಿ ವರ್ಷಗಟ್ಟಲೆ ಹೊಲಿದದ್ದು ಬರೀ ಕಾಲರು. ಆ ಕಾಲರು ಯಾವ ಅಂಗಿಗೆ ಸೇರಿತು, ಆ ಅಂಗಿ ಯಾರ ಮೈಮೇಲೆ ಏರಿತು ಎಂಬುದು ಒಂದು ದಿನವೂ ಗೊತ್ತಾಗಲಿಲ್ಲ. ಸರಸ್ವತಿಯವರ ಬಳಿ ಬಂದ ಮೇಲೆಯೇ ಒಂದು ಇಡೀ ಬ್ಲೌಸನ್ನು ಮೊದಲಿಂದ ಕೊನೆಯವರೆಗೆ ತಾನೇ ಹೊಲಿದಳು. ಗಿರಾಕಿ ಅದನ್ನು ತೊಟ್ಟು, ಕನ್ನಡಿಗೆ ಬೆನ್ನು ತಿರುಗಿಸಿ ಕತ್ತು ಹೊರಳಿಸಿ ನೋಡಿಕೊಂಡು, “ಕರೆಕ್ಟಾಗಿ ಕೂತಿದೆ ಕಣ್ರೀ” ಅಂದಾಗ ಆದ ಖುಷಿ ಇಷ್ಟು ವರ್ಷಗಳಾದರೂ ಹಳತಾಗಿರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಸೊಂಟದ ಬಲಗಡೆ ಹಿಡಿದ ನೋವಿಗೆ ಇಂದ್ರಾಣಿ ಮೆಷೀನಿನ ಮೇಲೆಯೇ ಬಗ್ಗಿಬಿಟ್ಟಳು. ಮಾಸ್ಟ್ರು ಓಡಿಹೋಗಿ ಆಟೊ ತಂದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಕಿಡ್ನಿಯಲ್ಲಿ ಸಣ್ಣದೊಂದು ಕಲ್ಲಿದೆ ಎಂದರು.

“ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?” ಎಂದು ಡಾಕ್ಟರು ಕೇಳಿದರು.

ಇಂದ್ರಾಣಿ ಯೋಚಿಸಿದಳು. “ಊಟದ ಜೊತೆ ಒಂದು ಲೋಟ, ಸಾರ್.”

“ಆಮೇಲೆ?”

“ಆಮೇಲೆ ಕಾಫಿ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಕಲ್ಲು ಚಿಕ್ಕದು, ತಾನಾಗಿಯೇ ಹೋಗಬಹುದು. ಆದರೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಬೇಕು, ಒಂದೇ ಸಮನೆ ಕೂರದೆ ಗಂಟೆಗೊಮ್ಮೆ ಎದ್ದು ಓಡಾಡಬೇಕು ಎಂದು ಹೇಳಿ ಕಳಿಸಿದರು.

ಮೂರು ದಿನ ಮಲಗಿದ್ದು ಅಂಗಡಿಗೆ ಬಂದಾಗ ಸರಸ್ವತಿ ಪ್ರೀತಿಯಿಂದಲೇ ಒಂದು ಮಾತು ಹೇಳಿದರು.

“ಇಂದ್ರಾಣಿ, ಇನ್ಮೇಲೆ ನೀನು ಕೌಂಟರ್ ನೋಡ್ಕೊ. ಸಂಬಳ ಏನೂ ಕಮ್ಮಿ ಮಾಡಲ್ಲ. ಮೆಷೀನಿಗೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ.”

“ಬೇಡ ಅಕ್ಕ. ನಾನು ಸರಿಹೋಗ್ತೀನಿ.”

“ಶ್ರಾವಣದಲ್ಲಿ ಹಿಂಗೆ ಮಲಗಿಬಿಟ್ರೆ ನಾನು ಗಿರಾಕಿಗಳಿಗೆ ಏನು ಹೇಳ್ಲಿ? ವರಮಹಾಲಕ್ಷ್ಮಿ ಹಬ್ಬದವರೆಗೂ ನೋಡ್ತೀನಿ. ಅಷ್ಟೇ.”

ಕೌಂಟರಿನಲ್ಲಿ ಕುಳಿತರೆ ದಿನವಿಡೀ ಬೇರೆಯವರು ಹೊಲಿದ ಬ್ಲೌಸನ್ನು ಮಡಿಸಿ ಕವರಿಗೆ ಹಾಕಿ ಕೊಡುವುದು. ಮತ್ತೆ ಕಾಲರು ಹೊಲಿದ ಹಾಗೆಯೇ ಎಂದುಕೊಂಡಳು ಇಂದ್ರಾಣಿ. ಹೇಗಾದರೂ ಸರಿ, ನೀರು ಕುಡಿಯುವುದನ್ನು ಕಲಿತೇಬಿಡಬೇಕು.

ಮೊದಲ ಉಪಾಯ ಸುಲಭದ್ದಾಗಿ ಕಂಡಿತು. ಮನೆ ಬಿಡುವ ಮುಂಚೆಯೇ ಅಂದಿನ ನೀರನ್ನೆಲ್ಲ ಕುಡಿದುಬಿಡುವುದು. ಒಂದು ಚೊಂಬು ಖಾಲಿ ಮಾಡಿ ಬಸ್ಸು ಹತ್ತಿದಳು. ಉತ್ತರಹಳ್ಳಿ ರಸ್ತೆಯಲ್ಲಿ ಟ್ರಾಫಿಕ್ ಜಾಮು. ಕದಿರೇನಹಳ್ಳಿ ಬರುವ ಹೊತ್ತಿಗೆ ಅವಳ ಕಣ್ಣಿಗೆ ರಸ್ತೆ, ಬಸ್ಸು, ಕಂಡಕ್ಟರು ಯಾವುದೂ ಕಾಣುತ್ತಿರಲಿಲ್ಲ. ಅಲ್ಲೇ ಇಳಿದು, ಪರಿಚಯವೇ ಇಲ್ಲದ ಒಂದು ಹೋಟೆಲಿಗೆ ನುಗ್ಗಿ, ಅಲ್ಲಿನ ಟಾಯ್ಲೆಟ್ಟಿನಿಂದ ಹೊರಗೆ ಬಂದ ಮೇಲೆ ಮರ್ಯಾದೆಗೆಂದು ಒಂದು ಪ್ಲೇಟ್ ಇಡ್ಲಿ ತಿಂದು, ಅಂಗಡಿಗೆ ತಡವಾಗಿ ಹೋದಳು. ಆ ಉಪಾಯ ಅಲ್ಲಿಗೆ ಮುಗಿಯಿತು.

ಎರಡನೆಯದು ಸೌಮ್ಯ ಕೊಟ್ಟದ್ದು. “ಆಂಟಿ, ಫೋನಲ್ಲಿ ಗಂಟೆಗೊಂದ್ಸಲ ಅಲಾರಾಂ ಇಡೋಣ. ಹೊಡೆದ ತಕ್ಷಣ ಎಲ್ಲಾರೂ ಎದ್ದು ನೀರು ಕುಡಿಯೋದು. ಸಖತ್ ಆಗಿರುತ್ತೆ.”

ಅಂಗಡಿಯೊಳಗೆ ನೀರು ತರುವಂತಿರಲಿಲ್ಲ. ಹಿಂದೊಮ್ಮೆ ಯಾರದೋ ಬಾಟಲಿ ಉರುಳಿ ಮದುವೆ ಹೆಣ್ಣಿನ ಸೀರೆಯ ಬಣ್ಣ ಬಿಟ್ಟುಕೊಂಡಿತ್ತು. ಅಂದಿನಿಂದ ಬಾಟಲಿಗಳೆಲ್ಲ ಹೊರಗೆ, ಮೆಟ್ಟಿಲ ತಲೆಯಲ್ಲಿರುವ ಮೊಳೆಗೆ ತಗುಲಿಹಾಕಿದ ಬ್ಯಾಗುಗಳಲ್ಲೇ ಇರಬೇಕು. ಅಲಾರಾಂ ಹೊಡೆದರೆ ಎಲ್ಲರೂ ಹೊರಗೆ ಹೋಗುವುದು, ಕುಡಿದು ಬರುವುದು ಎಂದಾಯಿತು.

ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಮಾಸ್ಟ್ರು ಒಂದು ರೇಷ್ಮೆ ಬ್ಲೌಸಿನ ತೋಳು ಕತ್ತರಿಸುತ್ತಿದ್ದರು. ರೇಷ್ಮೆಗೆ ಒಳಮುಖ ಬೇರೆ, ಹೊರಮುಖ ಬೇರೆ. ಜರಿ ಅಂಚು ಒಂದೇ ಕಡೆ ಇದ್ದರೆ ತೋಳುಗಳನ್ನು ಒಂದೊಂದಾಗಿ ಕತ್ತರಿಸಬೇಕು. ಒಂದು ಆದ ಮೇಲೆ ಕಾಗದದ ಅಚ್ಚನ್ನು ಮಗುಚಿ ಇನ್ನೊಂದು. ಎಡತೋಳು ಕತ್ತರಿಸಿ ಕತ್ತರಿ ಕೆಳಗಿಡುವಷ್ಟರಲ್ಲಿ ಅಲಾರಾಂ ಹೊಡೆಯಿತು. ಮಾಸ್ಟ್ರು ಹೋಗಿ ನೀರು ಕುಡಿದು ಬಂದರು, ಅಚ್ಚನ್ನು ಇದ್ದ ಹಾಗೆಯೇ ಇಟ್ಟು ಕತ್ತರಿ ಓಡಿಸಿದರು.

ಸೌಮ್ಯ ತೋಳು ಜೋಡಿಸಲು ಕುಳಿತವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಮಾಸ್ಟ್ರೇ, ಇದೇನು, ಎರಡೂ ಎಡಗೈದೇ ಇದೆ?”

ಸರಸ್ವತಿ ಕೌಂಟರಿನಿಂದಲೇ ಕೂಗಿದರು. “ಎರಡೂ ಎಡಗೈ ಇರೋ ಗಿರಾಕಿ ಯಾರಾದ್ರೂ ಇದ್ರೆ ಹುಡುಕ್ಕೊಂಡು ಬನ್ನಿ ಮಾಸ್ಟ್ರೇ! ಆ ಅಲಾರಾಂ ಆಫ್ ಮಾಡೇ ಮೊದ್ಲು!”

ಸೀರೆಯ ಜೊತೆಗೇ ಬಂದ ಬಟ್ಟೆ. ಇನ್ನೊಂದು ತೋಳಿಗಾಗುವಷ್ಟು ಉಳಿದಿರಲಿಲ್ಲ. ಇಂದ್ರಾಣಿ ಅದನ್ನು ತನ್ನ ಕಡೆ ಎಳೆದುಕೊಂಡಳು. ಒಂದು ತೋಳಿನ ಮುಂಭಾಗದ ಇಳಿಜಾರನ್ನು ಆಚೆ ಬದಿಗೆ ಮತ್ತೆ ಕತ್ತರಿಸಿ, ಕಡಿಮೆಯಾದ ಜಾಗಕ್ಕೆ ಕಂಕುಳ ಕೆಳಗೆ ಚೂರುಬಟ್ಟೆಯ ಒಂದು ತುಂಡು ಕೊಟ್ಟಳು. ಗಿರಾಕಿ ಬಂದಾಗ ಸರಸ್ವತಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದರು. ಆಕೆ ಕನ್ನಡಿಯ ಮುಂದೆ ಕೈಯೆತ್ತಿ ನೋಡಿಕೊಂಡು, “ನಾನು ಕೈ ಎತ್ತಿದ್ರೆ ತಾನೇ ಕಾಣೋದು, ಪರವಾಗಿಲ್ಲ ಬಿಡಿ” ಎಂದು ನಕ್ಕು ತೆಗೆದುಕೊಂಡು ಹೋದರು.

ಆ ತುಂಡು ಹೊಲಿಯುವಾಗ ಇಂದ್ರಾಣಿಗೆ ಒಂದು ವಿಷಯ ಹೊಳೆದಿತ್ತು. ತಪ್ಪು ನೀರಿನದಲ್ಲ, ಹೊತ್ತಿನದು. ಕೆಲಸದ ನಡುವೆ ಎಬ್ಬಿಸಿದರೆ ಕೈ ಎಲ್ಲಿತ್ತು ಎಂಬುದು ಮರೆತುಹೋಗುತ್ತದೆ. ಕೆಲಸ ತಾನಾಗಿಯೇ ನಿಲ್ಲುವ ಹೊತ್ತು ಬೇಕು. ಅಂಥ ಹೊತ್ತು ಅಂಗಡಿಯಲ್ಲಿ ಇದ್ದೇ ಇತ್ತು: ಒಂದು ಬ್ಲೌಸ್ ಮುಗಿದು ಇನ್ನೊಂದು ಶುರುವಾಗುವಾಗ ದಾರದ ಬಣ್ಣ ಬದಲಾಗುತ್ತದೆ. ಲೈನಿಂಗ್ ಕೊಟ್ಟ ಒಂದು ಬ್ಲೌಸಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಡಾಕ್ಟರು ಹೇಳಿದ್ದೂ ಅದನ್ನೇ. ಆದರೆ ಸಮಯ ಉಳಿಯಲೆಂದು ಬೆಳಗ್ಗೆಯೇ ಆ ದಿನದ ಬಣ್ಣಗಳನ್ನೆಲ್ಲ ಬಾಬಿನ್ನೆಂಬ ಪುಟ್ಟ ಉರುಳೆಗಳಿಗೆ ಸುತ್ತಿ ಪ್ರತಿ ಮೆಷೀನಿನ ಪಕ್ಕ ಡಬ್ಬಿಯಲ್ಲಿಡುವುದು ಇಲ್ಲಿಯ ಪದ್ಧತಿ. ಹಾಗಾಗಿ ಬಣ್ಣ ಬದಲಾದರೂ ಯಾರೂ ಏಳುತ್ತಿರಲಿಲ್ಲ.

“ಅಕ್ಕ, ದಾರದ ಸ್ಟ್ಯಾಂಡು, ಬಾಬಿನ್ ಸುತ್ತೋ ಮೋಟರು ಎರಡನ್ನೂ ಹೊರಗೆ ಮೆಟ್ಟಿಲ ಹತ್ರ ಇಡೋಣ,” ಎಂದಳು. “ಪಕ್ಕದಲ್ಲೇ ಒಂದು ನೀರಿನ ಕ್ಯಾನು. ಬ್ಲೌಸ್ ಮುಗೀತಾ, ಎದ್ದು ಹೋಗೋದು, ಬಾಬಿನ್ ಸುತ್ತೋವರೆಗೂ ಒಂದು ಲೋಟ ನೀರು ಕುಡಿಯೋದು, ಬರೋದು.”

“ಹಬ್ಬದ ಟೈಮಲ್ಲಿ ಎಲ್ಲಾರೂ ಎದ್ದು ಓಡಾಡ್ತಿದ್ರೆ ಬ್ಲೌಸ್ ಯಾರೇ ಹೊಲೀತಾರೆ?”

“ನೋಡಿ ಅಕ್ಕ. ಹಬ್ಬದ ಹಿಂದಿನ ದಿನ ಒಂದು ಬ್ಲೌಸ್ ಬಾಕಿ ಉಳಿದ್ರೂ ನಾನೇ ಹೋಗಿ ಕೌಂಟರಲ್ಲಿ ಕೂರ್ತೀನಿ. ನೀವು ಹೇಳೋದೇ ಬೇಡ.”

ಬಾಯಿಂದ ಬಂದ ಮೇಲೆ ಅವಳಿಗೇ ಭಯವಾಯಿತು. ಮಾಸ್ಟ್ರು ಕತ್ತರಿ ನಿಲ್ಲಿಸಿ, “ಇಂದ್ರಾಣಮ್ಮ, ಇಷ್ಟು ದೊಡ್ಡ ಮಾತಿಗೆ ಲೈನಿಂಗ್ ಕೊಟ್ಟಿದೀರಾ?” ಎಂದರು.

ಸ್ಟ್ಯಾಂಡು ಹೊರಗೆ ಹೋಯಿತು, ಕ್ಯಾನು ಬಂತು. ಆದರೂ ಸೌಮ್ಯ ದಾರ ಸುತ್ತಿಕೊಂಡು ನೀರು ಮುಟ್ಟದೆ ವಾಪಸು ಬರುತ್ತಿದ್ದಳು.

“ಯಾಕೇ, ನೀರು ಕಚ್ಚುತ್ತಾ?” ಎಂದು ಇಂದ್ರಾಣಿ ಕೇಳಿದಳು.

ಸೌಮ್ಯ ತಗ್ಗಿದ ದನಿಯಲ್ಲಿ ಹೇಳಿದಳು. “ಕುಡಿದ್ರೆ ಕೆಳಗೆ ಹೋಗ್ಬೇಕಲ್ಲಾ ಆಂಟಿ. ಟಾಯ್ಲೆಟ್ ಬೀಗದ ಕೈ ರಘು ಹತ್ರ. ನೆನ್ನೆ ಎರಡನೇ ಸಲ ಕೇಳಿದ್ದಕ್ಕೆ ‘ಏನು ಮೇಡಂ, ಮತ್ತೆ ಬಂದ್ರಾ’ ಅಂದ, ಎಲ್ಲಾ ಗಿರಾಕಿಗಳ ಮುಂದೆ.”

ಇಂದ್ರಾಣಿಗೆ ನಗುವೂ ಬಂತು, ಸಂಕಟವೂ ಆಯಿತು. ಇಷ್ಟು ವರ್ಷ ತಾನೂ ಇದೇ ಕಾರಣಕ್ಕೆ ನೀರು ಬಿಟ್ಟವಳು. ಡಾಕ್ಟರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು.

“ಲೋ ರಘು, ನೀನು ಸಿಗರೇಟಿಗೆ ಅಂತ ದಿನಕ್ಕೆ ಎಷ್ಟು ಸಲ ಆ ಮೂಲೆಗೆ ಹೋಗ್ತೀಯ?”

“ಅಯ್ಯೋ, ಯಾಕಕ್ಕ?”

“ನಮ್ಮ ಕಿಟಕಿಯಿಂದ ಚೆನ್ನಾಗಿ ಕಾಣುತ್ತೆ. ಪ್ರತಿ ಸಲಾನೂ ‘ಏನು ಸಾರ್, ಮತ್ತೆ ಬಂದ್ರಾ’ ಅಂತ ಮೇಲಿಂದ ಕೂಗ್ತೀವಿ ನಾಳೆಯಿಂದ. ನಿಮ್ಮಪ್ಪ ಅಂಗಡೀಲಿ ಇರೋವಾಗ್ಲೂ.”

ರಘುವಿನ ಕಿವಿ ಕೆಂಪಾದವು. “ತಪ್ಪಾಯ್ತು ಅಕ್ಕ, ತಮಾಷೆಗೆ ಅಂದಿದ್ದು.” ಆ ದಿನ ಸಂಜೆಯೇ ಇನ್ನೊಂದು ಬೀಗದ ಕೈ ಮಾಡಿಸಿ ತಂದುಕೊಟ್ಟ. ಸೌಮ್ಯ ಅದಕ್ಕೆ ಮಿಕ್ಕಿದ ಕುಚ್ಚಿನ ಎಳೆ ಕಟ್ಟಿ ದಾರದ ಸ್ಟ್ಯಾಂಡಿಗೇ ತಗುಲಿಹಾಕಿದಳು. ಮರುದಿನದಿಂದ ಕ್ಯಾನು ಸಂಜೆಗೆ ಮುಂಚೆಯೇ ಖಾಲಿಯಾಗತೊಡಗಿತು. ಸಂಜೆಯ ಬೋಂಡಾವನ್ನು ಕುಳಿತಲ್ಲಿಗೇ ತರಿಸಿಕೊಳ್ಳುತ್ತಿದ್ದ ಮಾಸ್ಟ್ರೂ ಬದಲಾದರು. “ಬೋಂಡಾ ಬಿಡು ಅಂದ್ರೆ ಬಿಡಲ್ಲ. ಆದ್ರೆ ನಾನೇ ಇಳಿದು ಹೋಗಿ ತಿಂದು ಬರ್ತೀನಿ, ಹತ್ತಿ ಬರೋವಾಗ ಅರ್ಧ ಕರಗುತ್ತೆ,” ಎಂದರು.

ಹಬ್ಬದ ವಾರ ಬಂತು. ಸೋಮವಾರ ಮೂವರು ಅಕ್ಕತಂಗಿಯರ ಮೂರು ಬ್ಲೌಸ್ ಬಂದವು. ಮೂರಕ್ಕೂ ಒಂದೇ ಗಿಣಿಹಸಿರು. ಮಾಸ್ಟ್ರು ಮೂರನ್ನೂ ಕತ್ತರಿಸಿ ಇಂದ್ರಾಣಿಯ ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟರು. ದಾರ ಬದಲಾಗಲಿಲ್ಲ, ಇಂದ್ರಾಣಿ ಏಳಲಿಲ್ಲ. ಎರಡು ಮುಗಿದು ಮೂರನೆಯದಕ್ಕೆ ಕೈ ಹಾಕುವಾಗ ಸೊಂಟದ ಬಲಗಡೆ ಸಣ್ಣಗೆ ಚುಳುಕ್ಕೆಂದಿತು. ಹೆದರಿ ಎದ್ದು ಹೊರಗೆ ಹೋಗಿ ಎರಡು ಲೋಟ ನೀರು ಕುಡಿದು, ಗೋಡೆಗೊರಗಿ ನಿಂತಳು. ನೋವು ಮುಂದುವರಿಯಲಿಲ್ಲ. ತಿರುಗಿ ಬಂದಾಗ ಮೂರನೆಯ ಹಸಿರು ಮೇಲಿರಲಿಲ್ಲ. ಕುಂಕುಮ ಬಣ್ಣದ್ದೊಂದು ಇತ್ತು. ಅದರ ಕೆಳಗೆ ನೇರಳೆ, ಅದರ ಕೆಳಗೆ ಸಾಸಿವೆ ಹಳದಿ.

ಮಾಸ್ಟ್ರು ಬಟ್ಟೆಯಿಂದ ತಲೆ ಎತ್ತದೆ ಹೇಳಿದರು. “ಹಸಿರಿನ ಮೇಲೆ ಹಸಿರು ಇಟ್ಟಿದ್ದು ನನ್ನ ತಪ್ಪು. ಇನ್ಮೇಲೆ ಬಣ್ಣ ಕಲಸಿ ಇಡ್ತೀನಿ.”

ಮೂರನೆಯ ಹಸಿರು ಹೀಗೆ ಕೆಳಗೆ ಸರಿಯಿತು. ಅದರ ಮೇಲೆ ಅವಸರದವರ ಬ್ಲೌಸುಗಳು ಬಂದು ಬಿದ್ದವು. ಗುರುವಾರ ಸಂಜೆ ಹೊಲಿದವೆಲ್ಲ ಹ್ಯಾಂಗರುಗಳಲ್ಲಿ ಸಾಲಾಗಿ ತೂಗುತ್ತಿದ್ದವು. ಬುಟ್ಟಿಯಲ್ಲಿ ಅದೊಂದೇ ಹಸಿರು ಉಳಿದಿತ್ತು.

ಇಂದ್ರಾಣಿ ಅದನ್ನು ನೋಡಿದಳು. ಮೆಷೀನಿನ ಸ್ವಿಚ್ಚು ಆರಿಸಿದಳು. ಹೋಗಿ ಕೌಂಟರಿನ ಕುರ್ಚಿಯಲ್ಲಿ ಕುಳಿತಳು.

ಗಿರಾಕಿಯನ್ನು ಮೆಟ್ಟಿಲವರೆಗೆ ಬಿಟ್ಟು ಬಂದ ಸರಸ್ವತಿ ಬಾಗಿಲಲ್ಲೇ ನಿಂತರು. “ಇದೇನೇ ಇದು?”

“ಒಂದು ಬಾಕಿ ಉಳೀತು ಅಕ್ಕ. ಮಾತು ಮಾತೇ.”

ಸರಸ್ವತಿ ಕೌಂಟರಿನ ಕೆಳಗೆ ಬಗ್ಗಿ ಒಂದು ಪ್ಲಾಸ್ಟಿಕ್ ಬುಟ್ಟಿ ಎಳೆದು ಅವಳ ಮುಂದೆ ಕುಕ್ಕಿದರು. ಖಾಲಿ ಬುಟ್ಟಿ.

“ಇದು ಯಾವ ಬುಟ್ಟಿ ಹೇಳು?”

“ಆಲ್ಟರೇಶನ್‌ದು.”

“ಪ್ರತಿ ವರ್ಷ ಈ ಹೊತ್ತಿಗೆ ಇದರಲ್ಲಿ ಏನಿರುತ್ತೆ? ಕತ್ತು ಎತ್ತಿಕೊಂಡಿದೆ, ತೋಳು ಬಿಗಿಯಾಯ್ತು, ಹುಕ್ಕು ಕೂರ್ತಿಲ್ಲ ಅಂತ ತುಂಬಿ ತುಳುಕ್ತಿರುತ್ತೆ. ಹಬ್ಬದ ಹಿಂದಿನ ದಿನ ಪೂರ್ತಿ ನಾವಿಬ್ರೂ ಬಿಚ್ಚಿ ಹೊಲೀತಾ ಕೂತಿರ್ತೀವಿ. ಈ ಸಲ ಎಲ್ಲಾರೂ ಎದ್ದೆದ್ದು ಓಡಾಡ್ತಾ ಹೊಲಿದ್ರಲ್ಲ, ಒಂದಾದ್ರೂ ವಾಪಸ್ ಬಂತಾ? ಇದನ್ನ ಯಾರು ಲೆಕ್ಕಕ್ಕೆ ಹಿಡೀತಾರೆ?”

ಇಂದ್ರಾಣಿ ಬುಟ್ಟಿಯನ್ನೇ ನೋಡುತ್ತ ಕುಳಿತಳು. ಅವಳಿಗೆ ಅದು ಹೊಳೆದಿರಲೇ ಇಲ್ಲ.

“ಏಳೇ ಮೇಲೆ, ನನ್ನ ಕುರ್ಚಿ ಅದು,” ಎಂದರು ಸರಸ್ವತಿ. “ಆ ಅಕ್ಕತಂಗಿಯರಲ್ಲಿ ಕೊನೆಯವಳು ಬ್ಲೌಸ್ ಆಯ್ತಾ ಅಂತ ಆಗಲೇ ಫೋನ್ ಮಾಡಿದ್ಲು. ನೀನಿಲ್ಲಿ ಕೂತ್ರೆ ಅದನ್ನ ನಾನು ಹೊಲೀಲಾ?”

“ನೀವು ಹೊಲಿದ್ರೆ ಬುಟ್ಟಿ ತುಂಬುತ್ತೆ ಸರಸ್ವತಮ್ಮ,” ಎಂದರು ಮಾಸ್ಟ್ರು.

ಸೌಮ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಸರಸ್ವತಿ ಮಾಸ್ಟ್ರ ಕಡೆ ಟೇಪು ಎಸೆದರು. ಇಂದ್ರಾಣಿ ಎದ್ದು, ಹಸಿರು ದಾರ ಸುತ್ತಲು ಹೊರಗೆ ಹೋದಳು. ಬಾಬಿನ್ ತುಂಬುವವರೆಗೆ ನಿಧಾನವಾಗಿ ಒಂದು ಲೋಟ ನೀರು ಕುಡಿದಳು. ಕೊನೆಯ ತಂಗಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳು ಕಿಟಕಿ ಪಕ್ಕದಲ್ಲಿ ಕುಳಿತಾಗಿತ್ತು, ಬ್ಲೌಸಿನ ಭುಜ ಕೂಡಿಸಿಯಾಗಿತ್ತು.