ಮೂರನೆಯ ಲಕೋಟೆ

೨೦೧೫ನೆಯ ಇಸವಿ, ಆಗ ನನಗೆ ನಲವತ್ತಾರು ವರ್ಷ. ಆ ವರ್ಷದ ಜನವರಿಯಲ್ಲಿ ನಾನು ನನ್ನದೇ ಉತ್ತರಪತ್ರಿಕೆಯೊಂದನ್ನು ಬದಲಾಯಿಸಿದೆ. ಫೆಬ್ರುವರಿಯಲ್ಲಿ, ಅದನ್ನು ಮುಚ್ಚಿಡುವುದಕ್ಕಾಗಿ, ಒಬ್ಬಳ ಮಾತನ್ನು ಇನ್ನೊಬ್ಬನಿಗೆ ತಪ್ಪಾಗಿ — ಬೇಕೆಂದೇ ತಪ್ಪಾಗಿ — ಅನುವಾದಿಸಿದೆ. ಈ ಎರಡು ಕೃತ್ಯಗಳಿಂದ ನಸ್ರೀನ್ ಎಂಬ ಹೆಣ್ಣುಮಗಳು ತನ್ನ ಕೆಲಸವನ್ನೂ ಆಸ್ಟ್ರೇಲಿಯಾದಲ್ಲಿ ಉಳಿಯುವ ಹಕ್ಕನ್ನೂ ಕಳೆದುಕೊಂಡಳು. ನಾನು ಏನನ್ನೂ ಕಳೆದುಕೊಳ್ಳಲಿಲ್ಲ. ನನಗೆ ಬಡ್ತಿ ಸಿಕ್ಕಿತು.

ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹದಿನೈದು ವರ್ಷ ಗಣಿತವನ್ನೂ ಕನ್ನಡ ವ್ಯಾಕರಣವನ್ನೂ ಕಲಿಸಿದವನು. ಒಂದು ವಿಭಕ್ತಿ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ; ಪರೀಕ್ಷಾ ಕೊಠಡಿಯಲ್ಲಿ ನನ್ನ ಕಣ್ಣು ತಪ್ಪಿಸಿ ನಕಲು ಮಾಡಿದವರಿಲ್ಲ ಎಂದು ಹೆಮ್ಮೆಪಡುತ್ತಿದ್ದೆ. ನನ್ನ ಹೆಂಡತಿ ವಸುಧಾಳಿಗೆ ಪರ್ತ್‌ನಲ್ಲಿ ನರ್ಸ್ ಕೆಲಸ ಸಿಕ್ಕಾಗ ಅವಳ ಹಿಂದೆ ಬಂದೆ. ಅಲ್ಲಿ ನನ್ನ ಬಿ.ಎಡ್. ಪದವಿಗೆ ಬೆಲೆ ಇರಲಿಲ್ಲ. ಎರಡು ವರ್ಷ ಸೂಪರ್‌ಮಾರ್ಕೆಟ್ಟಿನಲ್ಲಿ ಡಬ್ಬಿಗಳನ್ನು ಜೋಡಿಸಿದೆ. ಆಮೇಲೆ ಪರ್ತ್‌ನ ಹೊರವಲಯದ ಜೂಂಡಲಪ್‌ನ ಒಂದು ಸಣ್ಣ ಕಚೇರಿಯಲ್ಲಿ ವಿಚಿತ್ರವೆನ್ನಿಸುವ ಕೆಲಸವೊಂದು ದೊರೆಯಿತು.

ಅದರ ಯಜಮಾನ ಗ್ರಹಾಂ, ಅರವತ್ತರ ಆಸುಪಾಸಿನ ಆಸ್ಟ್ರೇಲಿಯನ್. ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯಗಳ ವಿಡಿಯೊಗಳನ್ನು ನಾವು ನೋಡಬೇಕು. ಆ ಆಟದಲ್ಲಿ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗುವ ಓಟಗಾರನೊಬ್ಬನಿರುತ್ತಾನೆ. ಕಾಲೇಜಿನಲ್ಲಿ ಮಿಂಚಿದ ಇಂಥ ಹುಡುಗರಲ್ಲಿ ಹೆಚ್ಚಿನವರು ವೃತ್ತಿಪರ ತಂಡಕ್ಕೆ ಹೋದ ಮೇಲೆ ಕಾಣೆಯಾಗುತ್ತಾರೆ. ಯಾರು ನಿಲ್ಲುತ್ತಾನೆ, ಯಾರು ನಿಲ್ಲುವುದಿಲ್ಲ ಎಂದು ಮುಂಚಿತವಾಗಿ ಹೇಳುವುದು ನಮ್ಮ ಕೆಲಸ. ನಮ್ಮ ವರದಿಗಳನ್ನು ಅಲ್ಲಿಯ ತಂಡಗಳು ಕೊಳ್ಳುತ್ತಿದ್ದವು. ನಾನು ಆ ಚೆಂಡನ್ನು ಕೈಯಿಂದ ಮುಟ್ಟಿದವನೂ ಅಲ್ಲ. ಆದರೆ ಉತ್ತರಪತ್ರಿಕೆ ತಿದ್ದುವಂತೆ ಒಂದೊಂದು ಓಟವನ್ನೂ ಅಳೆದು, ಓಡಿದ ದೂರ, ವೇಗ, ದೇಹದ ತೂಕ — ಎಲ್ಲಕ್ಕೂ ಅಂಕ ಹಾಕಿ ಕೂಡಿಸುತ್ತಿದ್ದೆ. ನನ್ನ ಕೂಡಿಕೆಯಲ್ಲಿ ತಪ್ಪು ಇರುತ್ತಿರಲಿಲ್ಲ.

ನಸ್ರೀನ್ ದಾವಣಗೆರೆಯವಳು. ಜೂಂಡಲಪ್‌ನ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಇಪ್ಪತ್ತೈದನೆಯ ವಯಸ್ಸಿಗೆ ನಮ್ಮ ಕಚೇರಿಗೆ ಬಂದಳು. ನಾನು ಮೇಷ್ಟ್ರಾಗಿದ್ದವನೆಂದು ತಿಳಿದ ದಿನದಿಂದ ನನ್ನನ್ನು ‘ಸರ್’ ಎಂದಳು. ಪರ್ತ್‌ನ ಉಳಿದ ಕನ್ನಡದ ಹುಡುಗರಂತೆ ‘ಅಂಕಲ್’ ಎನ್ನಲಿಲ್ಲ. ಅವಳ ಕ್ರಮವೇ ಬೇರೆ. ಅವಳು ಓಡಿದ ದೂರವನ್ನು ಅಳೆಯುತ್ತಿರಲಿಲ್ಲ; ಎದುರಾಳಿಯ ಮೊದಲ ಹೊಡೆತ ಬಿದ್ದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಅಲ್ಲಿಂದ ಮುಂದೆ ಓಟಗಾರ ಸ್ವಂತ ಬಲದಿಂದ ಹೋದ ಹೆಜ್ಜೆಗಳನ್ನು ಮಾತ್ರ ಎಣಿಸುತ್ತಿದ್ದಳು.

೨೦೧೨ರಲ್ಲಿ ಇಪ್ಪತ್ತೆರಡನೆಯ ನಂಬರಿನ ಅಂಗಿ ತೊಟ್ಟ ಒಬ್ಬ ಓಟಗಾರನಿದ್ದ. ನನ್ನ ಪಟ್ಟಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ಅಂಕ ಪಡೆದವನು. ಅವಳು ನಕ್ಕುಬಿಟ್ಟಳು.

“ಇವ್ನೆಲ್ಲಿ ಓಡ್ಯಾನ್ರೀ ಸರ್? ಇವ್ನ ಕಡೆ ದಾಂಡಿಗ್ರು ಮುಂದೆ ನುಗ್ಗಿ ದಾರಿ ಮಾಡಿ ಕೊಟ್ರು, ಇವ್ನು ಮದುಮಗನ ಥರ ನಡ್ಕೊಂಡು ಹೋದ. ದೊಡ್ಡ ಆಟದಾಗೆ ದಾರಿ ಯಾರ್ ಬಿಡ್ತಾರೆ?”

“ಅಂಕ ಸುಳ್ಳು ಹೇಳಲ್ಲ ನಸ್ರೀನ್. ಅವನು ನಿಂತೇ ನಿಲ್ತಾನೆ. ಬರೆದಿಟ್ಕೋ.”

ಬರೆದಿಡುವ ಉಪಾಯವೂ ನನ್ನದೇ. ಆ ವರ್ಷದ ಹತ್ತು ಓಟಗಾರರ ಬಗ್ಗೆ ಇಬ್ಬರೂ ಬೇರೆ ಬೇರೆಯಾಗಿ ‘ನಿಲ್ಲುತ್ತಾನೆ’, ‘ನಿಲ್ಲುವುದಿಲ್ಲ’ ಎಂದು ಬರೆದು, ಲಕೋಟೆಯಲ್ಲಿಟ್ಟು ಅರಗಿನಿಂದ ಮುದ್ರೆ ಒತ್ತುವುದು. ಮೂರು ಋತುಗಳ ಆಟ ಮುಗಿದ ಮೇಲೆ ಗ್ರಹಾಂ ಎದುರಿಗೆ ತೆರೆಯುವುದು. ಪ್ರಶ್ನೆಪತ್ರಿಕೆಯ ಕಟ್ಟುಗಳನ್ನು ಸಾಕ್ಷಿಗಳ ಸಹಿಯೊಂದಿಗೆ ಕಾಯ್ದವನಿಗೆ ಇದು ಕರಗತವಾಗಿತ್ತು. ಅರಗಿನ ಕಡ್ಡಿ, ಹಿತ್ತಾಳೆಯ ಮುದ್ರೆ — ಎರಡೂ ನನ್ನ ಟ್ರಂಕಿನಲ್ಲಿಯೇ ಇದ್ದವು. “ಏನು ಮೇಟ್, ರಾಣಿಗೆ ಕಾಗದ ಬರೀತಿದ್ದೀಯಾ?” ಎಂದು ಗ್ರಹಾಂ ತಮಾಷೆ ಮಾಡಿದ.

ಅಂಟಿಸುವ ಮುನ್ನವೇ ಲಕೋಟೆಯ ಬಾಯನ್ನು ಮಡಿಸಿ, ಅದರ ಮೇಲೆ ಅಡ್ಡಲಾಗಿ ಇಬ್ಬರೂ ಸಹಿ ಮಾಡಿದೆವು. ಬೇಕಾದದ್ದು ಎರಡು ಲಕೋಟೆ. ನಾನು ಮೂರಕ್ಕೆ ಸಹಿ ಹಾಕಿಸಿದೆ — ಒಂದು ಹಾಳಾದರೆ ಇರಲಿ ಎಂದು. ಪರೀಕ್ಷೆಯ ಕೆಲಸದಲ್ಲಿ ಹೆಚ್ಚುವರಿ ಪ್ರತಿ ಇಟ್ಟುಕೊಳ್ಳುವುದು ರೂಢಿ. ಅವಳು ಎಣಿಸಲೂ ಇಲ್ಲ. ಆ ದಿನ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ ಎಂದು ಬರೆಯಹೊರಟೆ — ಇರಲಿ. ಖಾಲಿ ಲಕೋಟೆಯನ್ನು ಹರಿದುಹಾಕದೆ ಮನೆಗೆ ತಂದವನು ನಾನು. ಉಳಿದೆರಡನ್ನು ಇಟ್ಟ ಕಚೇರಿಯ ಬೀರುವಿನ ಬೀಗದ ಕೈಯೂ ನನ್ನ ಬಳಿಯೇ ಉಳಿಯಿತು. ನನಗಿಂತ ನಂಬಿಕಸ್ಥರು ಯಾರೂ ಇರಲಿಲ್ಲ.

ಇಪ್ಪತ್ತೆರಡನೆಯ ನಂಬರಿನವನು ಎರಡನೆಯ ವರ್ಷವೇ ತಂಡದಿಂದ ಹೊರಬಿದ್ದ. ನನ್ನ ಹತ್ತರಲ್ಲಿ ನಾಲ್ಕು ಮಾತ್ರ ಸರಿಯಾಗಿದ್ದವು. ಅವಳವು ಎಷ್ಟೆಂದು ನಾನು ನೋಡಿರಲಿಲ್ಲ. ಆದರೆ ಮೂರು ವರ್ಷ ಅವಳ ವಾದಗಳನ್ನು ಕೇಳಿದ್ದೆನಾದ್ದರಿಂದ ಏಳೋ ಎಂಟೋ ಎಂದು ಊಹಿಸಬಲ್ಲವನಾಗಿದ್ದೆ. ೨೦೧೪ರ ಕೊನೆಯಲ್ಲಿ ಗ್ರಹಾಂ ಹೇಳಿದ: ಕಚೇರಿ ಅಡಿಲೇಡ್‌ಗೆ ಹೋಗುತ್ತದೆ, ನಿಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಮುಖ್ಯಸ್ಥರಾಗಿ ಕರೆದೊಯ್ಯುತ್ತೇನೆ, ಲಕೋಟೆಗಳೇ ತೀರ್ಮಾನಿಸಲಿ.

ನಸ್ರೀನಳ ವೀಸಾ ಆ ಕಚೇರಿಯ ಪ್ರಾಯೋಜಕತ್ವದ ಮೇಲೆ ನಿಂತಿತ್ತು. ಕೆಲಸ ಹೋದರೆ, ತೊಂಬತ್ತು ದಿನಗಳಲ್ಲಿ ಅಂಥದೇ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಇದು ನನಗೆ ಗೊತ್ತಿತ್ತು. ನನಗೆ ಆ ಭಯವಿರಲಿಲ್ಲ. ವಸುಧಾಳ ಕೆಲಸದಿಂದ ನಮ್ಮ ವಾಸ ಖಾಯಂ ಆಗಿತ್ತು. ಅಂದರೆ ನಾನು ಉಳಿಸಿಕೊಳ್ಳಲು ಹೊರಟದ್ದು ಅನ್ನವನ್ನಲ್ಲ. ನನ್ನ ಕಣ್ಣೆದುರು ಒಬ್ಬ ಹುಡುಗಿ ಎಂಟು ಅಂಕ ತೆಗೆದು ನಾನು ನಾಲ್ಕು ತೆಗೆಯುವುದು — ಅದನ್ನು ನಾನು —

ಎಲೆನ್‌ಬ್ರೂಕ್‌ನ ನಮ್ಮ ಮನೆ, ಜನವರಿಯ ಒಂದು ಮಧ್ಯಾಹ್ನ, ಹೊರಗೆ ಸುಡುವ ಬಿಸಿಲು. ಊಟದ ಮೇಜಿನ ಮುಂದೆ ಕುಳಿತು, ಅದೇ ಶಾಯಿಯಲ್ಲಿ, ಅದೇ ಬಗೆಯ ಹಾಳೆಯ ಮೇಲೆ ಹತ್ತು ಉತ್ತರಗಳನ್ನು ಹೊಸದಾಗಿ ಬರೆದೆ. ಒಂಬತ್ತನ್ನು ಸರಿಯಾಗಿ ಬರೆದು, ಒಂದನ್ನು ಬೇಕೆಂದೇ ತಪ್ಪು ಮಾಡಿದೆ. ನಕಲು ಮಾಡುವ ಜಾಣ ಹುಡುಗರ ಉಪಾಯವದು. ಎಷ್ಟೋ ಮಂದಿಯನ್ನು ಇದೇ ಕಾರಣಕ್ಕೆ ಹಿಡಿದು ಕೊಠಡಿಯಿಂದ ಎಬ್ಬಿಸಿ ಕಳಿಸಿದ್ದೆ. ಮೂರನೆಯ ಲಕೋಟೆಗೆ ಹಾಳೆಯನ್ನು ಸೇರಿಸಿ, ಅಂಟಿಸಿ, ಅರಗು ಕರಗಿಸಿ ಮುದ್ರೆ ಒತ್ತಿದೆ. ಬೀರುವಿನಿಂದ ತಂದಿದ್ದ ನಿಜವಾದ ಲಕೋಟೆಯನ್ನು ಒಡೆಯಲಿಲ್ಲ, ಸುಡಲೂ ಇಲ್ಲ. ಟ್ರಂಕಿನ ತಳಕ್ಕೆ ಹಾಕಿದೆ. ದಾಖಲೆಯನ್ನು ನಾಶಮಾಡುವ ಅಭ್ಯಾಸ ನನಗಿರಲಿಲ್ಲ.

ವಸುಧಾ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ಮೂಗೆಳೆದಳು. “ಏನ್ರೀ ಇದು, ಮನೆಯೆಲ್ಲ ಎಸ್ಸೆಸ್ಸೆಲ್ಸಿ ಪರೀಕ್ಷೆ ವಾಸನೆ?”

“ಹಳೇ ಸಾಮಾನು ತೆಗೆದು ನೋಡ್ತಿದ್ದೆ” ಎಂದೆ.

ಫೆಬ್ರುವರಿಯಲ್ಲಿ ಗ್ರಹಾಂ ಎರಡೂ ಲಕೋಟೆಗಳನ್ನು ತೆರೆದ. ಅವಳವು ಎಂಟು ಸರಿ, ನನ್ನವು ಒಂಬತ್ತು. ನನ್ನ ಹಾಳೆಯನ್ನು ಅವನು ಗಟ್ಟಿಯಾಗಿ ಓದುತ್ತ ಹೋದಂತೆ ಅವಳು ಒಂದೊಂದು ಹೆಸರಿಗೂ ತಲೆಯಾಡಿಸುತ್ತಿದ್ದಳು. ಇಪ್ಪತ್ತೆರಡನೆಯ ನಂಬರು, ‘ನಿಲ್ಲುವುದಿಲ್ಲ’ ಎಂದು ಓದಿದಾಗ ಅವಳ ತಲೆ ನಿಂತಿತು. ಲಕೋಟೆಯನ್ನು ತೆಗೆದುಕೊಂಡು ತನ್ನ ಸಹಿಯನ್ನು ನೋಡಿದಳು. ಸಹಿ ಅವಳದೇ. ಆಮೇಲೆ ನನ್ನನ್ನು ನೋಡಿ, ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು:

“ಸರ್, ಅವ್ನು ನಿಂತೇ ನಿಲ್ತಾನೆ ಅಂದಿದ್ರಲ್ರೀ ನೀವು. ಇದು ಆವತ್ತು ಬರ್ದಿದ್ದಲ್ಲ, ಅಲ್ಲೇನ್ರೀ?”

“ಏನಂತೆ?” ಎಂದು ಗ್ರಹಾಂ ನನ್ನನ್ನು ಕೇಳಿದ.

ಅವಳಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ಕನ್ನಡದಲ್ಲಿ ಕೇಳಿದ್ದೇಕೆಂದು ಈಗ ತಿಳಿಯುತ್ತದೆ. ಗ್ರಹಾಂಗೆ ಗೊತ್ತಾಗದಂತೆ, ನಾನೇ ಒಪ್ಪಿಕೊಳ್ಳಲೆಂದು, ನನ್ನ ಮರ್ಯಾದೆಗೆ ಒಂದು ದಾರಿ ಬಿಟ್ಟು ಕೇಳಿದ್ದಳು. ನಾನು ಆ ದಾರಿಯಲ್ಲೇ ನಡೆದು ಪಾರಾದೆ. ಗ್ರಹಾಂ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: “ನನ್ನನ್ನು ಅಭಿನಂದಿಸುತ್ತಿದ್ದಾಳೆ.”

ಅವಳು ಅದನ್ನು ಕೇಳಿಸಿಕೊಂಡಳು. ಲಕೋಟೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದುವಂತೆ ಇಟ್ಟು ಹೊರಗೆ ಹೋದಳು.

ತೊಂಬತ್ತು ದಿನ ಕಳೆದವು. ಅವಳಿಗೆ ಬೇರೆ ಪ್ರಾಯೋಜಕರು ಸಿಗಲಿಲ್ಲ, ದಾವಣಗೆರೆಗೆ ಮರಳಿದಳು. ನಾನು ಅಡಿಲೇಡ್‌ಗೆ ಹೋಗಿ, ಅವಳು ಬಿಟ್ಟುಹೋದ ಕೋಷ್ಟಕಗಳನ್ನೇ ಮುಂದಿಟ್ಟುಕೊಂಡು, ಹೊಡೆತದ ನಂತರದ ಹೆಜ್ಜೆಗಳನ್ನು ಎಣಿಸತೊಡಗಿದೆ. ಆ ಕ್ರಮ ನನ್ನ ಹೆಸರಿನಲ್ಲಿ ಓಡಾಡಿತು. ನಾಲ್ಕು ವರ್ಷ.

೨೦೧೯ರಲ್ಲಿ ಗ್ರಹಾಂ ನಮ್ಮ ಕ್ರಮವನ್ನು ವಿವರಿಸುವ ಕಿರುಪುಸ್ತಕವೊಂದನ್ನು ಅಚ್ಚುಹಾಕಿಸಲು ಹೊರಟು, ನನ್ನಿಂದ ಒಂದು ಪುಟ ಕೇಳಿದ: ‘ಇಪ್ಪತ್ತೆರಡನೆಯ ನಂಬರಿನವನು ಬೀಳುತ್ತಾನೆಂದು ನನಗೆ ಹೇಗೆ ತಿಳಿಯಿತು.’ ಎರಡು ವಾರ ಕುಳಿತೆ. ಕರ್ತೃಪದ ಬರೆಯುತ್ತಿದ್ದೆ, ಕ್ರಿಯಾಪದ ಬರುತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ವಸುಧಾಳಿಗೆ ಹೇಳಿದೆ. ಅವಳು, “ಆವತ್ತಿನ ವಾಸನೆ ಇದಾ?” ಎಂದಳು. ಅಷ್ಟೇ. ಅದಾದ ಮೇಲೆ ನನ್ನ ಜೊತೆ ಊಟಕ್ಕೆ ಕೂರಲು ಅವಳಿಗೆ ಅನೇಕ ದಿನ ಬೇಕಾದವು.

ನಸ್ರೀನ್ ಮದುವೆಯಾಗಿ, ಗಂಡನ ವೀಸಾದ ಮೇಲೆ ಬ್ರಿಸ್ಬೇನ್‌ಗೆ ಬಂದಿರುವುದು ಪರಿಚಿತರಿಂದ ತಿಳಿಯಿತು. ನಾರ್ತ್ ಲೇಕ್ಸ್‌ನ ದೊಡ್ಡ ಅಂಗಡಿ ಸಮುಚ್ಚಯದಲ್ಲಿ ಬಟ್ಟೆ ಮಳಿಗೆಯೊಂದರ ಕೌಂಟರಿನಲ್ಲಿ ಕೆಲಸ. ಜೂನ್ ತಿಂಗಳ ಒಂದು ಶನಿವಾರ, ಅವಳ ಊಟದ ಬಿಡುವಿನಲ್ಲಿ, ಎದುರು ಕುಳಿತೆ. ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು.

“ಏನ್ ಸರ್, ಇಲ್ಲೀಗಂಟ ಓಡಿ ಬಂದ್ರಾ? ಸ್ವಂತ ಬಲದಾಗೆ?” ಎಂದಳು. ನಗಲಿಲ್ಲ.

ಟ್ರಂಕಿನಿಂದ ತಂದ ಲಕೋಟೆಯನ್ನು ಮುಂದಿಟ್ಟೆ. ಅವಳು ಕಾರಿನ ಕೀಲಿಯಿಂದ ಅರಗನ್ನು ಒಡೆದು, ಹಾಳೆ ಬಿಡಿಸಿ, ಬೆರಳಿಟ್ಟು ಎಣಿಸಿದಳು.

“ನಾಲ್ಕು.”

ನಾನು ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯಗಳನ್ನು ಆರಂಭಿಸಿದೆ. ಅವಳು ಕೈಯೆತ್ತಿ ತಡೆದಳು.

“ನಂಗೆ ಆವತ್ತೇ ಗೊತ್ತಿತ್ತು ಸರ್. ನೀವೇ ಹೋಗಿ ಹೇಳ್ತೀರಿ ಅನ್ಕಂಡಿದ್ದೆ. ಮೇಷ್ಟ್ರಲ್ವಾ. ತೊಂಬತ್ತು ದಿನಾನೂ ಕಾದೆ. ಏರ್‌ಪೋರ್ಟ್‌ನಾಗೂ ಫೋನ್ ಕೈಯಾಗೇ ಹಿಡ್ಕಂಡಿದ್ದೆ.” ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿದಳು. “ಗೊತ್ತಿರೋಳಿಗೆ ಬಂದು ಹೇಳಿದ್ರೆ ಏನಾತು? ಗ್ರಹಾಂಗೆ ಹೇಳ್ರಿ. ನಾನು ಆವತ್ತು ಏನಂದೆ ಅಂತ ಇಂಗ್ಲಿಷ್‌ನಾಗೆ ಹೇಳ್ರಿ. ಒಂದು ಮಾತೂ ಬಿಡಬ್ಯಾಡ್ರಿ.”

ಬಿಡುವು ಮುಗಿದಿತ್ತು. ಲಕೋಟೆಯನ್ನು ನನ್ನ ಕಡೆಗೆ ತಳ್ಳಿ ಎದ್ದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅಡಿಲೇಡ್‌ನ ಕಚೇರಿಯಲ್ಲಿ ಗ್ರಹಾಂ ಎದುರಿಗೆ ಒಡೆದ ಲಕೋಟೆಯನ್ನೂ ರಾಜೀನಾಮೆಯನ್ನೂ ಇಟ್ಟೆ, ನಡೆದುದನ್ನೆಲ್ಲ ಹೇಳಿದೆ. ಆ ಕ್ರಮ ಯಾರದೆಂದು, ಪುಸ್ತಕದಲ್ಲಿ ಯಾರ ಹೆಸರಿರಬೇಕೆಂದು ಬರೆದು ಸಹಿ ಮಾಡಿಕೊಟ್ಟೆ. ಅವನು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಕ ತೆಗೆದು, ಕೊನೆಗೆ ಕೇಳಿದ:

“ಆ ಹುಡುಗಿ ಆಗಲೇ ಯಾಕೆ ಹೇಳಲಿಲ್ಲ?”

“ಹೇಳಿದಳು” ಎಂದೆ. “ನಿಮ್ಮ ಎದುರಿಗೇ ಹೇಳಿದಳು.”

ಆಮೇಲೆ ಅವಳ ಮಾತನ್ನು, ಒಂದು ಪದವನ್ನೂ ಬಿಡದೆ, ಇಂಗ್ಲಿಷಿನಲ್ಲಿ ಹೇಳಿದೆ. ಅಂದು ೨೦೧೯ರ ಜೂನ್ ೨೪.