ದಂಟಿನ ಬೆಂಡಿನ ಎದೆಕಟ್ಟು

ನಮ್ಮ ಸೀಮೆಗೆ ಮುಂಬಯಿ ಸರಕಾರ ಹೋಗಿ ಮೈಸೂರು ರಾಜ್ಯ ಬಂದ ಹೊಸತು. ಶಾಲೆಯ ಗೋಡೆಗೆ ತೂಗುಹಾಕಿದ್ದ ನಕಾಶೆ ಮಾತ್ರ ಇನ್ನೂ ಹಳೆಯದೇ ಇತ್ತು. ಆಗೆಲ್ಲ ನಮ್ಮೂರು ಅಬ್ಬಿಗೇರಿಯಲ್ಲಿ ಸುಗ್ಗಿ ಮುಗಿಯಿತೆಂದರೆ ಮಕ್ಕಳಿಗೆ ಆಟಿಕೆಗಳ ಬರವಿರುತ್ತಿರಲಿಲ್ಲ. ಎರೆಹೊಲದ ಬಿಳಿಜೋಳ ಆಳೆತ್ತರ ಬೆಳೆಯುತ್ತಿತ್ತು. ಒಣಗಿದ ದಂಟಿನ ಸಿಪ್ಪೆಯನ್ನು ಹಲ್ಲಿನಿಂದ ಸೀಳಿ ತೆಗೆದರೆ ಒಳಗೆ ಬೆಳ್ಳನೆಯ ಬೆಂಡು. ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಅನಿಸದಷ್ಟು ಹಗುರ. ಬೆಂಡಿನ ತುಂಡುಗಳಿಗೆ ಸಿಪ್ಪೆಯ ಸಿಬಿರು ಚುಚ್ಚಿ ನಾವು ಚಕ್ಕಡಿ ಮಾಡುತ್ತಿದ್ದೆವು, ಚಾಳೀಸು ಮಾಡಿ ಕಣ್ಣಿಗೆ ಏರಿಸಿಕೊಂಡು ಮಾಸ್ತರರಂತೆ ಗದರುತ್ತಿದ್ದೆವು. ಸಿಬಿರು ತುಟಿಯನ್ನು ಕೊಯ್ಯುತ್ತಿತ್ತು. ದಂಟಿನ ಕೊನೆಯ ಸಿಹಿಯಲ್ಲಿ ರಕ್ತದ ಉಪ್ಪು ಬೆರೆತ ಆ ರುಚಿ ಇದನ್ನು ಓದುವ ಕೆಲವರ ನಾಲಿಗೆಯಲ್ಲಿ ಇನ್ನೂ ಇರಬಹುದು.

ಆ ವರ್ಷ ಅದೇ ಬೆಂಡಿನಿಂದ ನಮ್ಮ ಚಿಗವ್ವ ನಮ್ಮ ಕಾಕಾನಿಗೆ ಯುದ್ಧದ ವೇಷ ಕಟ್ಟಿದಳು.

ಬಸಪ್ಪ ಕಾಕಾ ನನ್ನ ಅಪ್ಪನ ತಮ್ಮ, ಚಿಗವ್ವ ಅವನ ಹೆಂಡತಿ. ಊರಿನ ದೊಡ್ಡಾಟದಲ್ಲಿ ರಾಜನ ಪಾತ್ರ ಎಂದರೆ ಅವನದೇ. ಹಾಲವಾಣದ ಕಟ್ಟಿಗೆಯಲ್ಲಿ ಕೆತ್ತಿ, ಕನ್ನಡಿಯ ಚೂರು ಕೂರಿಸಿದ ಎದೆಕಟ್ಟು, ಭುಜಕೀರ್ತಿ, ಕಿರೀಟ ಇವನ್ನೆಲ್ಲ ಹೊತ್ತು ಅವನು ರಾತ್ರಿಯಿಡೀ ಕುಣಿಯುತ್ತಿದ್ದ. ಕಟ್ಟಿಗೆ ಹಗುರದ್ದೇ ಆದರೂ ಎಲ್ಲ ಸೇರಿದರೆ ಒಂದು ಕರುವನ್ನು ಹೊತ್ತಷ್ಟು ಭಾರ. ಮರುದಿನ ಅವನ ಹೆಗಲ ಮೇಲೆ ಹಗ್ಗದ ಗುರುತು ಕೆಂಪಗೆ ಕಾಣುತ್ತಿತ್ತು. ಸವಡಿಯಿಂದ, ಪುರ್ತಗೇರಿಯಿಂದ ಜನ ಬುತ್ತಿ ಕಟ್ಟಿಕೊಂಡು ಅವನ ದನಿ ಕೇಳಲು ಬರುತ್ತಿದ್ದರು.

ಆದರೆ ಚಿಗವ್ವ ಮಾತ್ರ ಆಟಕ್ಕೆ ಬರುತ್ತಿರಲಿಲ್ಲ. ಮನೆಯಲ್ಲಿ ಆಟದ ಮಾತೆತ್ತಿದರೂ ಎದ್ದು ಒಳಗೆ ಹೋಗುತ್ತಿದ್ದಳು. ಯಾಕೆಂದು ಅವ್ವ ನನಗೆ ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು. ಅವರಿಗೊಬ್ಬ ಮಗನಿದ್ದ, ನಾನು ಹುಟ್ಟುವುದಕ್ಕೂ ಮೊದಲು. ಕಾಕಾ ಸವಡಿಯಲ್ಲಿ ಕುಣಿಯುತ್ತಿದ್ದಾಗ ಕೂಸಿಗೆ ಜ್ವರ ನೆತ್ತಿಗೇರಿತು. ಆಳು ಓಡಿಹೋಗಿ ಹೇಳಿ, ಕಾಕಾ ಹೊಲಗಳ ಮೇಲೆ ಹಾದು ಬರುವಷ್ಟರಲ್ಲಿ ಕೂಸು ಹೋಗಿತ್ತು. "ಬಣ್ಣ ಬಳಕೊಂಡ ಮುಖದಾಗ ಬಂದು ಬಾಗಲದಾಗ ನಿಂತಿದ್ದ," ಎಂದಳು ಅವ್ವ. "ಆ ಮುಖಾ ಆಕಿ ಮರೀಲಿಲ್ಲ ನೋಡು." ಕಾಕಾ ಆಮೇಲೆ ಒಂದು ವರ್ಷ ಕುಣಿಯಲಿಲ್ಲ. ಮತ್ತೆ ಕುಣಿದ. ಅವರಿಬ್ಬರೂ ಆ ವಿಷಯ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ನಾನು ಹೇಳುತ್ತಿರುವ ವರ್ಷ, ಮಳೆಗಾಲದಲ್ಲಿ ಕಾಕಾನಿಗೆ ನ್ಯುಮೋನಿಯಾ ಆಯಿತು. ಚಕ್ಕಡಿಯಲ್ಲಿ ಗಾದಿ ಹಾಸಿ ರೋಣದ ದವಾಖಾನಿಗೆ ಒಯ್ದರು. ದಸರೆಗೆ ತಿರುಗಿ ಬಂದಾಗ ಅವನ ಅಂಗಿ ಅವನಿಗೇ ದೊಡ್ಡದಾಗಿತ್ತು. ಎದೆಯ ಮೇಲೆ ಭಾರ ಹೇರಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸುಗ್ಗಿ ಬಂತು. ಒಂದು ಸಂಜೆ ಆಟದ ಮಾಸ್ತರ ಫಕೀರಪ್ಪ ಬಂದು ಕಟ್ಟೆಯ ಮೇಲೆ ಕೂತ. ತುಂಬಾ ಹೊತ್ತು ಎಲೆ ಅಡಿಕೆ ಹಾಕಿಕೊಂಡು, ಬೆಳೆಯ ಮಾತಾಡಿ, ಕೊನೆಗೆ ನೆಲ ನೋಡುತ್ತ ಹೇಳಿದ.

"ಯುಗಾದಿ ಮುಂದ ಆಟ ಇಟ್ಟೇವಿ, ಬಸಪ್ಪ. ಈ ಸಲ ರಾಜನ ಪಾತ್ರ ನಿಂಗಪ್ಪಗ ಕೊಡೂಣು ಅಂತ ಮಾಡೇವಿ."

"ಕೊಡ್ರಿ," ಎಂದ ಕಾಕಾ. "ಹುಡುಗ ಚಲೋ ಅದಾನ."

ಅಷ್ಟೇ. ಆದರೆ ಮರುದಿನದಿಂದ ಅವನು ಪಡಸಾಲೆಯ ಕಂಬಕ್ಕೆ ಒರಗಿ ಕೂತವನು ಏಳಲೊಲ್ಲ. ಬಡಿಸಿದ ರೊಟ್ಟಿ ತಾಟಿನಲ್ಲೇ ಬಿರುಸಾಗುತ್ತಿತ್ತು. ನಾನು ಹೋಗಿ ಕಥೆ ಹೇಳು ಎಂದರೆ ತಲೆ ಸವರಿ ಸುಮ್ಮನಾಗುತ್ತಿದ್ದ.

ಕೆಲವು ದಿನ ಕಳೆದ ಮೇಲೆ, ಮಧ್ಯಾಹ್ನ ಶಾಲೆ ಬಿಟ್ಟು ಬಂದಾಗ, ಹಿತ್ತಲಲ್ಲಿ ಚಿಗವ್ವ ಒಬ್ಬಳೇ ದಂಟಿನ ರಾಶಿಯ ನಡುವೆ ಕೂತು ಸಿಪ್ಪೆ ಸುಲಿಯುತ್ತಿದ್ದಳು.

"ಏನ ಮಾಡಾಕತ್ತೀ, ಚಿಗವ್ವ? ಚಕ್ಕಡಿನ?"

"ಹೌದು, ಚಕ್ಕಡಿ. ಬಾಯಿ ಮುಚಗೊಂಡು ಕುಂದರು. ದಪ್ಪನ್ನವು ಒಂದು ಕಡೆ ಇಡು, ಸಣ್ಣನ್ನವು ಒಂದು ಕಡೆ."

ಅವ್ವ ಬಂದು ನೋಡಿ ಬಾಗಿಲಲ್ಲೇ ನಿಂತಳು. ಚಿಗವ್ವ ತಲೆಯೆತ್ತದೆ ಹೇಳಿದಳು: "ಹಿಂಗ ಕುಂತ್ರ ಅವರು ಕುಂತಲ್ಲೆ ಹೋಗತಾರ, ಅಕ್ಕ. ಕುಣದ್ರ ಉಳೀತಾರ."

ಅವ್ವ ಒಳಗೆ ಹೋಗಿ ಒಂದು ಹಳೆಯ ಧೋತರ ತಂದು ಅವಳ ಮಡಿಲಲ್ಲಿ ಹಾಕಿದಳು.

ಚಿಗವ್ವನಿಗೂ ನನಗೂ ಆ ಕೆಲಸ ಬರುತ್ತಿರಲಿಲ್ಲ. ಮೊದಲು ಬೆಂಡುಗಳನ್ನು ಇಡಿಯಾಗಿಯೇ ದಾರದಲ್ಲಿ ಪೋಣಿಸಿ ಎದೆಗೆ ಕಟ್ಟುವಂತೆ ಮಾಡಿದೆವು. ನನಗೆ ತೊಡಿಸಿ ಕೈ ಎತ್ತಲು ಹೇಳಿದಳು. ಎತ್ತಿದೆ, ಚಟಚಟನೆ ಮುರಿದು ಎಲ್ಲ ಕಾಲಬುಡಕ್ಕೆ ಬಿತ್ತು. ಆಮೇಲೆ ಬೆಂಡನ್ನು ಉದ್ದಕ್ಕೆ ಸೀಳಿ, ಧೋತರದ ಮೇಲೆ ಒತ್ತೊತ್ತಾಗಿ ಜೋಡಿಸಿ, ಜೋಳದ ಹಿಟ್ಟಿನ ಗಂಜಿಯಿಂದ ಅಂಟಿಸಿದೆವು. ಅದು ಚೆನ್ನಾಗಿ ಬಂತು. ಕಾಕಾನ ಕಣ್ಣಿಗೆ ಬೀಳಬಾರದೆಂದು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದೆವು. ಬೆಳಗ್ಗೆ ಸಗಣಿ ಬಳಿಯಲು ಹೋದರೆ ನಮ್ಮ ಬಿಳಿ ಎತ್ತು ಧೋತರದ ಕೊನೆಯ ಚುಂಗನ್ನು ಬಾಯಲ್ಲಿ ಇಟ್ಟುಕೊಂಡು ನಿಧಾನವಾಗಿ ಜಗಿಯುತ್ತಿತ್ತು. ಬೆಂಡು, ಗಂಜಿ ಎಲ್ಲ ಅದರ ಹೊಟ್ಟೆ ಸೇರಿತ್ತು. ಚಿಗವ್ವ ಬುಟ್ಟಿ ಕೆಳಗಿಟ್ಟು, ಗೋಡೆಗೆ ಒರಗಿ ನಕ್ಕಳು. ನಗು ನಿಲ್ಲದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಿಗವ್ವನ ತವರು ಗಜೇಂದ್ರಗಡ. ಅಲ್ಲಿ ಅವರ ಮನೆಯ ಪಕ್ಕದಲ್ಲಿ ಮದುವೆಯ ಬಾಸಿಂಗ ಮಾಡುವ ಗಂಗವ್ವ ಎಂಬ ಮುದುಕಿ ಇದ್ದಳು. ತಾಯಿಯನ್ನು ನೋಡಿ ಬರುತ್ತೇನೆಂದು ಹೇಳಿ ಚಿಗವ್ವ ನನ್ನನ್ನೂ ಕರೆದುಕೊಂಡು ಹೊರಟಳು. ಗುಡ್ಡದ ಕೆಳಗಿನ ಆ ಓಣಿಯ ಮನೆಯಲ್ಲಿ ಅಂಟಿನ ವಾಸನೆ, ಬಣ್ಣದ ವಾಸನೆ. ಮಾಡಿನಿಂದ ಇಳಿಬಿಟ್ಟ ಬಾಸಿಂಗಗಳು ಗಾಳಿಗೆ ಅಲುಗುತ್ತಿದ್ದವು. ಗಂಗವ್ವ ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು ಒಂದೇ ಮಾತು.

"ನಿನ್ನ ಗಂಡಗ ಗೊತ್ತೈತಿ?"

"ಇಲ್ಲ."

"ಗೊತ್ತಾದ ಮ್ಯಾಲ ಬ್ಯಾಡಂದ್ರ?"

"ಅಂದ್ರ ಎತ್ತಿಗೆ ಹಾಕತೇನಿ," ಎಂದಳು ಚಿಗವ್ವ.

ಮುದುಕಿ ತನ್ನ ಚೂರಿ ತೆಗೆದು ನನ್ನ ಕೈಗೆ ಕೊಟ್ಟಳು. ಒತ್ತಿ ಕೊಯ್ದರೆ ಬೆಂಡು ಚಪ್ಪಟೆಯಾಗುತ್ತದೆ, ಎಳೆಯುತ್ತ ಕೊಯ್ಯಬೇಕು ಎಂದು ನನ್ನ ಕೈಯ ಮೇಲೆ ಕೈ ಇಟ್ಟು ತೋರಿಸಿದಳು. ಮೊದಲು ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸಿ, ಗಂಡನ ಅಂಗಿಯ ಮೇಲಿಟ್ಟು ನೋಡು ಎಂದಳು. ಗಂಜಿ ಬೇಡ, ಹುಣಸೆ ಬೀಜ ನೆನೆಹಾಕಿ, ಅರೆದು, ಕುದಿಸಿ, ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳವೂ ಮುಟ್ಟುವುದಿಲ್ಲ, ಎತ್ತೂ ಮುಟ್ಟುವುದಿಲ್ಲ. ಬಿಸಿಲಿಗೆ ಇಟ್ಟರೆ ಸೊಟ್ಟಾಗುತ್ತದೆ, ನೆರಳಲ್ಲೇ ಆರಲಿ. ಹೊರಡುವಾಗ ಬಂಗಾರದ ಬಣ್ಣದ ಬೇಗಡೆ ಕಾಗದದ ಸುರುಳಿ ಕೊಟ್ಟು, "ಯಾರ ಮದುವಿಗೋ ಇಟ್ಟಿದ್ದೆ. ಒಯ್ಯಿ," ಎಂದಳು.

ಊರಿಗೆ ಬಂದ ಮೇಲೆ ಮಧ್ಯಾಹ್ನವೆಲ್ಲ ಅದೇ ಕೆಲಸ. ಹುಣಸೆ ಬೀಜ ಕುದಿಯುವ ವಾಸನೆ ಮನೆಗೆಲ್ಲ ಹರಡಿತು. ಕಾಕಾ ಏನೆಂದು ಕೇಳಲಿಲ್ಲ. ಬಟ್ಟೆಯ ಮೇಲೆ ಬೆಂಡಿನ ಪಟ್ಟಿ, ಅದರ ಮೇಲೆ ಕಾಗದ, ಮೇಲೆ ಬೇಗಡೆ. ಹಿಂದೆ ಬಟ್ಟೆ ಇದ್ದುದರಿಂದ ಅದು ಮೈಗೆ ತಕ್ಕಂತೆ ಬಾಗುತ್ತಿತ್ತು. ಭುಜಕ್ಕೆ ಎರಡು, ಎದೆಗೆ ಒಂದು; ಬೆನ್ನಿಗೆ ಕಟ್ಟಲು ಹಳೆಯ ಸೀರೆಯ ಅಂಚಿನ ಕಸೆ. ನನ್ನ ಬೆರಳುಗಳು ಅಂಟಿನಿಂದ ಬಿರುಕು ಬಿಟ್ಟವು. ಚಿಗವ್ವ ರಾತ್ರಿ ಅವಕ್ಕೆ ಬೆಣ್ಣೆ ಹಚ್ಚುತ್ತಿದ್ದಳು.

ಮುಗಿದ ದಿನ ಸಂಜೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ಹೋಗಿ ಕಾಕಾನ ಮುಂದೆ ನಿಂತಳು. ನಾನು ಬಾಗಿಲ ಹಿಂದಿದ್ದೆ.

"ಇದೇನ?" ಎಂದ ಕಾಕಾ.

"ಎದ್ದು ನಿಂದರ್ರಿ."

ಕಾಕಾ ಕೈಚಾಚಿ ಅದನ್ನು ತೆಗೆದುಕೊಂಡ. ಭಾರ ಇರುತ್ತದೆಂದು ಬಿಗಿಹಿಡಿದ ಕೈ ಒಮ್ಮೆಲೇ ಮೇಲಕ್ಕೆ ಹೋಯಿತು. ತಿರುಗಿಸಿ ಹಿಂದಿನ ಬಟ್ಟೆ ನೋಡಿದ, ಅಂಚಿನ ಹೊಲಿಗೆ ನೋಡಿದ. "ಆಟ ಅಂದ್ರ ನಿನಗ ಆಗೂದಿಲ್ಲ," ಎಂದ.

"ಈಗೂ ಆಗೂದಿಲ್ಲ. ಕೈ ಎತ್ತರಿ."

ಅವನು ಎದ್ದ. ಕೈ ಎತ್ತಿದ. ಚಿಗವ್ವ ಹಿಂದೆ ನಿಂತು ಕಸೆ ಕಟ್ಟಿದಳು. ಕಾಕಾನ ಕಣ್ಣಿಂದ ನೀರು ಇಳಿಯುತ್ತಿದ್ದುದು ಅವಳಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಆ ರಾತ್ರಿ ಅವನು ರೊಟ್ಟಿ ಉಂಡ.

ಫಕೀರಪ್ಪನೊಡನೆ ಮಾತಾಯಿತು. ರಾತ್ರಿಯ ಆಟವೆಲ್ಲ ನಿಂಗಪ್ಪನದು. ಬೆಳಗಾಗುವಾಗ ಬರುವ ಕೊನೆಯ ಯುದ್ಧದ ಭಾಗ ಮಾತ್ರ ಕಾಕಾನದು. ನಿಂಗಪ್ಪ ಒಂದಿಷ್ಟೂ ಮುಖ ಸಣ್ಣ ಮಾಡಲಿಲ್ಲ. "ಅವರ ಜಾಗಾ ಅವರದ ಐತ್ರಿ," ಎಂದನಂತೆ.

ಆಟದ ರಾತ್ರಿ ನಾನು ಎಂದಿನಂತೆ ಅವ್ವನ ತೊಡೆಯ ಮೇಲೆ ನಿದ್ದೆಹೋದೆ. ಎಚ್ಚರವಾದಾಗ ಮೂಡಲು ಕೆಂಪಾಗಿತ್ತು. ಪಕ್ಕದಲ್ಲಿ ಚಿಗವ್ವ ಕೂತಿದ್ದಳು. ಯಾವಾಗ ಬಂದಳೋ ತಿಳಿಯದು. ಹೆಂಗಸರು ಅವಳ ಕಡೆ ನೋಡುತ್ತಿದ್ದರು. ಅವಳು ಯಾರ ಕಡೆಗೂ ನೋಡಲಿಲ್ಲ.

ಮದ್ದಳೆ ಏರಿತು. ಕಾಕಾ ಬಂದ. ಸೂರ್ಯನ ಮೊದಲ ಬಿಸಿಲು ಅವನ ಎದೆಯ ಮೇಲೆ ಬಿದ್ದು ಬೇಗಡೆ ಉರಿದಂತಾಯಿತು. ಜನ ಒಮ್ಮೆಲೇ ಹೋ ಎಂದರು. ಅವನು ಹೆಜ್ಜೆ ಹಾಕಿದ, ಹಾರಿ ತಿರುಗಿದ. ಮೈಮೇಲೆ ಏನೂ ಇಲ್ಲವೇನೋ ಎಂಬಂತೆ ಕುಣಿದ. ನಾನು ಹಿಗ್ಗಿನಿಂದ ಚಿಗವ್ವನ ಕೈ ಹಿಡಿದೆ. ಆ ಕೈ ತಣ್ಣಗಿತ್ತು.

ಆಮೇಲೆ ಹಾಡು ಬಂತು. ಒಂದೇ ಉಸಿರಿನಲ್ಲಿ ಮೇಲೇರಿ ನಿಲ್ಲುವ ಉದ್ದನೆಯ ಸಾಲು ಅದು. ಕಾಕಾ ಏರಿಸಿದ, ನಡುವೆ ದನಿ ಕಡಿಯಿತು. ಮತ್ತೆ ಎತ್ತಿಕೊಂಡ, ಮತ್ತೆ ಕಡಿಯಿತು. ಹಿಮ್ಮೇಳದವರು ಸಾಲನ್ನು ತಾವೇ ತೆಗೆದುಕೊಂಡು ಮುಚ್ಚಿದರು. ವೇಷದ ಭಾರ ಹೋಗಿತ್ತು, ಎದೆಯೊಳಗಿನ ಉಸಿರು ಮಾತ್ರ ತಿರುಗಿ ಬಂದಿರಲಿಲ್ಲ. ಕಾಕಾ ನಿಂತುಬಿಟ್ಟ. ಫಕೀರಪ್ಪ ಮದ್ದಳೆಯವನಿಗೆ ಕೈಸನ್ನೆ ಮಾಡಿದ, ಮದ್ದಳೆಯೂ ನಿಂತಿತು. ಅಷ್ಟು ಜನರಿದ್ದರೂ ಎಲ್ಲೋ ಒಂದು ಕೂಸು ಅಳುವುದಷ್ಟೇ ಕೇಳುತ್ತಿತ್ತು.

ಕಾಕಾ ರಂಗದ ಮೂಲೆಗೆ ಬಂದ. ಅಲ್ಲಿ ನಿಂಗಪ್ಪ ಕಟ್ಟಿಗೆಯ ವೇಷ ಬಿಚ್ಚಿಟ್ಟು ಬರಿಮೈಯಲ್ಲಿ ನಿಂತಿದ್ದ. ಕಾಕಾ ಬೆನ್ನ ಹಿಂದೆ ಕೈ ಒಯ್ದು ಕಸೆ ಹುಡುಕಿದ, ಸಿಗಲಿಲ್ಲ. ಚಿಗವ್ವ ನನ್ನ ಕೈ ಬಿಡಿಸಿಕೊಂಡು ಎದ್ದಳು. ಊರ ಹಿರಿಯರು ಕೂತ ಜಾಗದ ಮುಂದೆಯೇ ನಡೆದು ಹೋಗಿ, ಗಂಡನ ಹಿಂದೆ ನಿಂತು, ತಾನು ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಕಾಕಾ ಎದೆಕಟ್ಟನ್ನು ತೆಗೆದು ನಿಂಗಪ್ಪನಿಗೆ ಹಿಡಿದ.

"ಬ್ಯಾಡ್ರಿ, ಕಾಕಾರ," ಎಂದ ನಿಂಗಪ್ಪ.

"ಕೈ ಎತ್ತು, ತಮ್ಮಾ. ಹೊತ್ತೇರಿತು. ಜನ ಕುಂತಾರ."

ಕಾಕಾ ತಾನೇ ಅವನಿಗೆ ಕಟ್ಟಿದ. ನಿಂಗಪ್ಪ ಬಗ್ಗಿ ಅವನ ಕಾಲು ಮುಟ್ಟಿ ರಂಗಕ್ಕೆ ಹೋದ. ಕಡಿದುಹೋದ ಆ ಸಾಲನ್ನು ಮೊದಲಿನಿಂದ ಎತ್ತಿಕೊಂಡು ಮೇಲೆ ನಿಲ್ಲಿಸಿದ. ಜನರಲ್ಲಿ ಎಷ್ಟೋ ಗಂಡಸರು ಕಣ್ಣೊರೆಸಿಕೊಂಡರು. ಕಾಕಾ ನೆಲದ ಮೇಲೆ ಕೂತು, ತುಟಿ ಅಲುಗಿಸುತ್ತ ಹಾಡಿನ ಜೊತೆಗೇ ಹೋಗುತ್ತಿದ್ದ. ಚಿಗವ್ವ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಬೀಸುತ್ತಿದ್ದಳು.

"ಸಾಕಾತು?" ಎಂದು ಕೇಳಿದಳು.

"ಸಾಕಾತು."

ಮನೆಗೆ ಬಂದು ಅವಳು ಬಟ್ಟಲಲ್ಲಿ ಎಣ್ಣೆ ತಂದು, ಅವನ ಮುಖದ ಬಣ್ಣವನ್ನು ಅರಿವೆಯಿಂದ ತಾನೇ ಒರೆಸಿದಳು. ಒರೆಸುತ್ತ ನನಗೆ ಹೇಳಿದಳು: "ಪಾರಿ, ನಾಳಿ ಹೋಗಿ ನಿಂಗಪ್ಪನ ಕಡೆ ಅದನ್ನ ಇಸಕೊಂಡು ಬಾ. ಅವಂದು ಎದಿ ಅಗಲ. ಭಾಳ ಬಿಗಿ ಆಗಿತ್ತು. ಎರಡು ಪಟ್ಟಿ ಕೂಡಸತೇನಿ."

ಕಾಕಾ ಮತ್ತೆ ವೇಷ ಕಟ್ಟಲಿಲ್ಲ. ಆದರೆ ಕಂಬಕ್ಕೂ ಒರಗಲಿಲ್ಲ. ಅದೇ ಪಡಸಾಲೆಯಲ್ಲಿ ಹುಡುಗರನ್ನು ಕೂರಿಸಿಕೊಂಡು ಮೆಲ್ಲನೆಯ ದನಿಯಲ್ಲಿ ಹಾಡು ಕಲಿಸಿದ. ಚಿಗವ್ವ ಅವರಿಗೆಲ್ಲ ಬೆಂಡಿನ ವೇಷ ಕಟ್ಟಿಕೊಟ್ಟಳು. ಆಟ ಅಂದರೆ ಆಗುವುದಿಲ್ಲ ಎಂದು ಕೊನೆಯವರೆಗೂ ಅನ್ನುತ್ತಲೇ ಇದ್ದಳು. ನಾನು ಮದುವೆಯಾಗಿ ನರಗುಂದಕ್ಕೆ ಹೋದ ಮೇಲೆ ಕಾಕಾ ತೀರಿಕೊಂಡ. ಅವನ ಹಿಂದೆಯೇ, ಬಹಳ ದಿನ ಕಾಯಿಸದೆ, ಚಿಗವ್ವನೂ ಹೋದಳು.

ಆಮೇಲೆ ಒಂದೊಂದಾಗಿ ಎಲ್ಲ ಕಳಚಿತು. ಹೊಸ ಬೀಜದ ಜೋಳ ಬಂದು ದಂಟು ಸೊಂಟಕ್ಕಿಂತ ಒಂಚೂರು ಮೇಲೆ ನಿಂತುಬಿಟ್ಟಿತು. ಅದೂ ಹೋಗಿ ಎರೆಹೊಲದ ತುಂಬ ಕಡಲೆ, ಹೆಸರು. ಆಟದ ತಂಡ ಒಡೆಯಿತು. ಗಜೇಂದ್ರಗಡದ ಆ ಓಣಿಯಲ್ಲಿ ಬಾಸಿಂಗ ಮಾಡುವ ಮನೆಯನ್ನು ಕೇಳಿದರೆ ತೋರಿಸುವವರಿಲ್ಲ. ಈಗ ಮಕ್ಕಳ ನಾಟಕಕ್ಕೆ ಅಂಗಡಿಯಲ್ಲಿ ಸ್ಪಂಜಿನ ಹಾಳೆ ಸಿಗುತ್ತದೆ, ಕತ್ತರಿಯಿಂದ ಕತ್ತರಿಸಿ ಅಂಟಿಸಿದರೆ ಮುಗಿಯಿತು. ಚೆನ್ನಾಗಿಯೇ ಕಾಣುತ್ತದೆ, ಇಲ್ಲವೆನ್ನಲಾರೆ.

ಕೆಲವು ವರ್ಷಗಳ ಹಿಂದೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ನಿಂಗಪ್ಪ ಸಿಕ್ಕಿದ್ದ. ಬೆನ್ನು ಬಾಗಿ, ಕೋಲು ಹಿಡಿದಿದ್ದ. ನಾನು ಯಾರೆಂದು ಹೇಳಿದ ಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ.

"ಆಮ್ಯಾಲ ಎಷ್ಟೋ ವೇಷಾ ಕಟ್ಟಿದೆ, ತಂಗೀ," ಎಂದ. "ಆವತ್ತು ಮುಂಜಾನೆ ಕಟ್ಟಿದ್ದು ವೇಷಾ ಅನಿಸಲಿಲ್ಲ. ಯಾರೋ ಎದಿ ಮ್ಯಾಲ ಕೈ ಇಟ್ಟಂಗಾತು."

ಈಗ ನಿಂಗಪ್ಪನೂ ಇಲ್ಲ. ಆ ಹಾಡಿನ ಉದ್ದನೆಯ ಸಾಲನ್ನು ಕೊನೆಯವರೆಗೂ ಒಯ್ಯಬಲ್ಲವರು ಅಬ್ಬಿಗೇರಿಯಲ್ಲಿ ಯಾರೂ ಉಳಿದಿಲ್ಲ. ನನಗೆ ಮೊದಲ ಮಾತುಗಳಷ್ಟೇ ಬರುತ್ತವೆ.